ಮಡಚುವ ಮಂಚ

ಕಳೆದ ವರ್ಷ ನಮ್ಮ ಡೊಂಬಿವಲಿಯ ಮನೆಗೆ ಒಂದು ಸೋಫಾ ಕಮ್ ಬೆಡ್ ಬಂತು. ಹಗಲು ಕೂರುವುದಕ್ಕೆ, ರಾತ್ರಿ ಎಳೆದು ಬಿಡಿಸಿದರೆ ಇಬ್ಬರು ಮಲಗುವುದಕ್ಕೆ. ಅಂಗಡಿಯವನು 'ಜಾಗ ಉಳೀತದೆ' ಎಂಬುದನ್ನು ಮೂರು ಸಲ ಹೇಳಿದ್ದ. ಉಳಿಯಿತು, ನಿಜ. ಆದರೆ ಉಳಿದ ಆ ಜಾಗ ಎಲ್ಲಿಂದ ಬಂತೆಂದು ನಾನು ಯೋಚಿಸಿದ್ದು ಊರಿನಿಂದ ಚಿಕ್ಕಮ್ಮ ಬಂದ ಮೇಲೆ.

ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ. ರಾತ್ರಿ ಎಂಟೂವರೆಗೆ ಆಕೆಯ ತಲೆ ತೂಗತೊಡಗುತ್ತದೆ. ಆದರೆ ಅವಳ ಹಾಸಿಗೆ ನಮ್ಮ ಕುಂಡೆಯ ಕೆಳಗೆ! ಮಗ ಕ್ರಿಕೆಟ್ ನೋಡುತ್ತಾನೆ, ಅದು ಮುಗಿದರೆ ನನ್ನ ವಾರ್ತೆ. ಮೂರನೆಯ ದಿನ, ಗಂಟೆ ಹತ್ತೂವರೆಯಾದಾಗ, ಮೂಲೆಯ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದ ಆಕೆಯನ್ನು ಕಂಡು ನನಗೆ ನಾಚಿಕೆಯಾಯಿತು. ಏಳಹೊರಟರೆ, 'ನೋಡು ನೋಡು, ನಂಗೆ ಈಗೇನೂ ನಿದ್ದೆ ಬರುದಿಲ್ಲ ಮಗಾ' ಅಂದಳು.

ಈ ಮಾತನ್ನು ಐವತ್ತು ವರ್ಷಗಳ ಹಿಂದೆ ನಾನು ಇದೇ ಬಾಯಿಂದ ಕೇಳಿದ್ದೆ.

1974ರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿಯ ಕಡೆಯಿಂದ ಬಂದವನು ಇಳಿದದ್ದು ವರ್ಲಿಯ ಬಿ.ಡಿ.ಡಿ. ಚಾಳಿನ ಚಿಕ್ಕಪ್ಪನ ಖೋಲಿಯಲ್ಲಿ. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ 1920ರ ದಶಕದಲ್ಲಿ ಕಾರ್ಮಿಕರಿಗೆಂದು ಕಟ್ಟಿಸಿದ ಕಟ್ಟಡಗಳು ಅವು. ನೆಲದ ಮೇಲೆ ಮೂರು ಮಾಳಿಗೆ, ಕಕ್ಕಸು ಮಾಳಿಗೆಗೆಲ್ಲ ಸಾಮಾನ್ಯ, ಒಂದೊಂದು ಖೋಲಿ 160 ಚದರಡಿ. ಅದರಲ್ಲಿ ನಾವು ಏಳು ಜನ. ಅಡಿಗೆ, ಸ್ನಾನದ ಮೋರಿ, ದೇವರು, ಎಲ್ಲ ಅದರೊಳಗೇ. ತಲೆಯ ಮೇಲೆ ಪೋಟ್‌ಮಾಳಾ ಎಂದು ಕರೆಯುವ ಹಲಗೆಯ ಅಟ್ಟ, ಅಲ್ಲಿ ಮಕ್ಕಳಿಬ್ಬರು. ಮಂಚದ ಮೇಲೆ ಚಿಕ್ಕಪ್ಪನ ತಾಯಿ, ಮಂಚದ ಕೆಳಗೆ ಪೆಟ್ಟಿಗೆಗಳನ್ನು ಸರಿಸಿದರೆ ಒಬ್ಬರು. ಚಿಕ್ಕಪ್ಪನ ತಮ್ಮ ಹೊರಗೆ ಗ್ಯಾಲರಿಯಲ್ಲಿ. ಚಿಕ್ಕಪ್ಪ ಗಿರಣಿಯಲ್ಲಿದ್ದ. ಅವನಿಗೆ ರಾತ್ರಿ ಪಾಳಿ ಬಂದ ವಾರ ಅವನ ಹಾಸಿಗೆ ನನ್ನದು. ಬೆಳಿಗ್ಗೆ ನಾನು ಎದ್ದ ಬಿಸಿ ಆರುವುದರೊಳಗೆ ಅವನು ಬಂದು ಬಿದ್ದುಕೊಳ್ಳುತ್ತಿದ್ದ. ಇದರಲ್ಲಿ ವಿಶೇಷವೇನೂ ಇರಲಿಲ್ಲ. ಗಿರಣಗಾವಿನಲ್ಲಿ ಪಾಳಿಯ ಮೇಲೆ ಒಂದೇ ಜಾಗವನ್ನು ಹಂಚಿಕೊಂಡವರು ಸಾವಿರಾರು. ನಮ್ಮೂರಿನ ಹೋಟೆಲ್ ಹುಡುಗರದ್ದು ಇನ್ನೂ ಚೆಂದ. ಕೊನೆಯ ಗಿರಾಕಿ ಚಹಾ ಮುಗಿಸಿ ಎದ್ದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರು. ಯಾವನೋ ಒಬ್ಬ ನಿಧಾನವಾಗಿ ಚಹಾ ಕುಡಿದರೆ ಅಷ್ಟು ನಿದ್ದೆ ಕಡಿಮೆ.

ನನ್ನ ಸಮಾಚಾರ ಕೇಳಿ. ಹಗಲು ಒಂದು ಕಚೇರಿಯಲ್ಲಿ ಜವಾನ, ಸಂಜೆ ಕಾಲೇಜು. ಓದುವುದು ರಾತ್ರಿ ಹನ್ನೆರಡರ ತನಕ, ಖೋಲಿಯ ಒಂದೇ ಬಲ್ಬಿನ ಕೆಳಗೆ. ನಾನು ಪುಸ್ತಕ ಹರವಿಕೊಂಡು ಕೂರುತ್ತಿದ್ದ ಎರಡು ಹೆಜ್ಜೆ ನೆಲವೇ ಮೋರಿಯ ಮುಂದಿನ ನೆಲ, ಅಂದರೆ ಚಿಕ್ಕಮ್ಮನ ಚಾಪೆಯ ನೆಲ. ನಾನು ಎದ್ದರೆ ಅವಳು ಹಾಸಬೇಕು. ನಸುಕಿಗೆ ನಲ್ಲಿಯಲ್ಲಿ ನೀರು ಬಂತೆಂದರೆ ಮೊದಲು ಏಳುವವಳೂ ಅವಳೇ. ಅಕ್ಕಿ ಆರಿಸುತ್ತಲೋ ಗುಂಡಿ ಹೊಲಿಯುತ್ತಲೋ ಕೂತಿರುತ್ತಿದ್ದಳು. 'ಓದು ಮಗಾ, ನಂಗೆ ಈಗೇನೂ ನಿದ್ದೆ ಬರುದಿಲ್ಲ.' ನಾನು ನಂಬಿದೆ. ನಂಬಿದೆನೋ, ನಂಬುವುದು ಅನುಕೂಲವಾಗಿತ್ತೋ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯ ಅಳತೆ ಎಲ್ಲರಿಗೂ ಒಂದೇ ಆದರೆ ಆ ಮಾತು ಸರಿ. ನನ್ನ ವಯಸ್ಸಿನವರು ಚಾಳಿನ ಬದುಕನ್ನು ನೆನೆದು 'ಆಗ ಎಷ್ಟು ಅಡ್ಜಸ್ಟ್ ಮಾಡ್ಕೊಳ್ತಿದ್ವಿ' ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಗಮನಿಸಿದ್ದೇನೆ, ಹೀಗೆನ್ನುವವರು ಬಹುಪಾಲು ಗಂಡಸರು. ಸೆಕೆಯಾದರೆ ಗ್ಯಾಲರಿ, ಟೆರೇಸು, ಮೆಟ್ಟಿಲು ಎಂದು ಚಾಪೆ ಎತ್ತಿಕೊಂಡು ಹೊರಟವರು. ಮಳೆಗಾಲ ಬಂದು ಎಲ್ಲರೂ ಒಳಗಾದಾಗ ಕಾಲು ಮಡಚಿದವರು ಯಾರೆಂದು ಅವರಿಗೆ ನೆನಪಿಲ್ಲ.

ಗೋಡೆಯೊಳಕ್ಕೆ ಮಡಚುವ ಮಂಚವನ್ನು ಹೆಸರುವಾಸಿ ಮಾಡಿದವನು ಸ್ಯಾನ್‌ಫ್ರಾನ್ಸಿಸ್ಕೋದ ವಿಲಿಯಂ ಮರ್ಫಿ. ಕಳೆದ ಶತಮಾನದ ಆರಂಭದ ಮಾತು. ಒಂದೇ ಕೋಣೆಯ ಮನೆ. ಮೆಚ್ಚಿದ ಹುಡುಗಿಯನ್ನು ಕರೆಯೋಣವೆಂದರೆ ನಡುವೆ ಮಂಚ. ಅದಕ್ಕೇ ಈ ಉಪಾಯ ಹೂಡಿದನೆಂಬ ಕತೆಯಿದೆ. ಕತೆಯೋ ನಿಜವೋ, ಅವನು ಮನೆಯಲ್ಲಿದ್ದದ್ದು ಒಬ್ಬನೇ. ಮಂಚ ಎತ್ತುವ ಹೊತ್ತೂ ಇಳಿಸುವ ಹೊತ್ತೂ ಅವನ ಕೈಯಲ್ಲೇ. ಇಬ್ಬರು ಮೂವರಿರುವ ಮನೆಯಲ್ಲಿ ಹಾಗಲ್ಲ. ಅಲ್ಲಿ ಜಾಗ ಉಳಿಯುವುದು ಯಾರದೋ ಹೊತ್ತು ಕಳೆದು. ಬೇಕೆಂದಾಗ ಮಲಗುವ ಸ್ವಾತಂತ್ರ್ಯ ಮನೆಯಲ್ಲಿ ಯಾರಿಗಿಲ್ಲವೋ ಅವರ ಹೊತ್ತು.

ಇದನ್ನು ಹೆಂಡತಿಗೆ ಹೇಳಿದೆ. 'ಅವರು ಪ್ರೀತಿಯಿಂದ ಮಾಡಿದ್ದು. ಈಗ ಲೆಕ್ಕ ಹಾಕಿದರೆ ಅವರಿಗೇ ಅವಮಾನ' ಅಂದಳು. ಅರ್ಧ ಒಪ್ಪುತ್ತೇನೆ. ಕೊಟ್ಟವರೇ ಕೊಟ್ಟಿಲ್ಲ ಎನ್ನುವಾಗ ಪಡೆದವನು ಸಾಲ ತೀರಿಸುವುದು ಹೇಗೆ? ಕೃತಜ್ಞತೆ ಹೇಳಹೋದರೆ ಅವಳ ಸುಳ್ಳನ್ನು ಬಯಲು ಮಾಡಿದಂತೆ. ಆದರೂ, ಪ್ರತಿ ಸಲ ಒಬ್ಬರ ಮೇಲೇ ಬೀಳುವುದನ್ನು ಪ್ರೀತಿ ಎಂದು ಕರೆದುಬಿಟ್ಟರೆ ಉಳಿದವರಿಗೆ ಬಹಳ ಹಗುರವಾಗುತ್ತದೆ. ನನಗೆ ಹಗುರವಾಗಿತ್ತು, ಆ ಬಲ್ಬಿನ ಕೆಳಗೆ ನಾನು ಬಿ.ಕಾಂ. ಮುಗಿಸಿದೆ.

1982ರ ಮುಷ್ಕರದ ಮೇಲೆ ಚಿಕ್ಕಪ್ಪ ಖೋಲಿ ಬಿಟ್ಟುಕೊಟ್ಟು ಊರಿಗೆ ಹೋದ. 2025ರ ಆಗಸ್ಟಿನಲ್ಲಿ ಆ ವರ್ಲಿಯ ಚಾಳುಗಳ ಮೊದಲ ಕಂತಿನ ಬಾಡಿಗೆದಾರರಿಗೆ 500 ಚದರಡಿಯ ಹೊಸ ಮನೆಗಳ ಬೀಗದ ಕೈ ಸಿಕ್ಕಿತು. ಚಿಕ್ಕಮ್ಮನಿಗೆ ಇದನ್ನು ತಿಳಿಸಿದೆ. ಹೊಟ್ಟೆಯುರಿಯಲಿಲ್ಲ. 'ಒಳಗಿನ ಕೋಣೆಗೆ ಬಾಗಿಲುಂಟಾ?' ಎಂದಷ್ಟೇ ಕೇಳಿದಳು.

ನಾಲ್ಕನೆಯ ದಿನ ನಮ್ಮ ಕೋಣೆಯನ್ನು ಅವಳಿಗೆ ಬಿಟ್ಟೆವು. ಬೇಡವೆಂದು ಒಂದಷ್ಟು ಜಗಳವಾಡಿ, ಎಂಟೂವರೆಗೇ ಮಲಗಿದಳು. ಹನ್ನೊಂದಕ್ಕೆ ಕನ್ನಡಕ ತರಲು ಒಳಹೋದೆ. ಇಬ್ಬರ ಮಂಚದ ಅಂಚಿನಲ್ಲಿ, ಗೋಡೆಗೆ ಮುಖ ಮಾಡಿ, ಕಾಲು ಮಡಚಿಕೊಂಡು ಮಲಗಿದ್ದಳು. ಎಬ್ಬಿಸಲಿಲ್ಲ. ಮರುದಿನ ಟಿ.ವಿ.ಯನ್ನು ಮಗನ ಕೋಣೆಗೆ ಸಾಗಿಸಿದೆವು. ಅವನ ಗೊಣಗಾಟ ಇನ್ನೂ ನಿಂತಿಲ್ಲ.