ಯಾವುದು ಜೀಪು?

ಖಂಡೇನವಮಿಗೆ ನಮ್ಮೂರು ದರಿಬಡಚಿಯಲ್ಲಿ ಟ್ರ್ಯಾಕ್ಟರ್, ಪಂಪು, ಬೈಕು ಎಲ್ಲಕ್ಕೂ ಚೆಂಡುಹೂವಿನ ಮಾಲೆ ಬೀಳುತ್ತದೆ. ಅಪ್ಪ ಬಿಟ್ಟುಹೋದ ಹಳೆಯ ಮಹೀಂದ್ರಾ ಜೀಪಿಗೆ ಕುಂಕುಮ ಹಚ್ಚುವಾಗ ನನಗೆ ಪ್ರತಿ ವರ್ಷ ಅದೇ ಪ್ರಶ್ನೆ: ಈ ಪೂಜೆ ಸಲ್ಲುವುದು ಯಾವುದಕ್ಕೆ? ಎಂಜಿನ್ ಬದಲಾಗಿದೆ. ಗೇರ್‌ಬಾಕ್ಸ್ ಬೇರೊಂದು ಗಾಡಿಯದು. ಕಮಾನಪಾಟಾ ಹೊಸವು.

ಸಾಂಗ್ಲಿಯ ಆರ್‌ಟಿಓ ಉತ್ತರ ಸರಳ. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ಮರುನೋಂದಣಿ ಆಗಬೇಕು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಎಂಜಿನ್ ಬೇರೆಯಾದರೂ ದಾಖಲೆಯಲ್ಲಿ ಬರೆಸಿದರಾಯಿತು, ಆ ಅಂಕಿ ಇರುವತನಕ ಅದೇ ಗಾಡಿ. ‘ಮಿಲಿಂದಪಞ್ಹ’ ಎಂಬ ಸುಮಾರು 2,000 ವರ್ಷ ಹಳೆಯ ಪಾಳಿ ಗ್ರಂಥದ ಭಿಕ್ಷು ನಾಗಸೇನ ಇದನ್ನು ಒಪ್ಪುತ್ತಿರಲಿಲ್ಲ. ಅಚ್ಚೂ ರಥವಲ್ಲ, ಗಾಲಿಯೂ ರಥವಲ್ಲ, ಭಾಗಗಳು ಕೂಡಿದ್ದಕ್ಕೆ ನಾವಿಟ್ಟ ಹೆಸರಷ್ಟೇ ರಥ ಎಂದು ಅವನು ಗ್ರೀಕ್ ಮೂಲದ ರಾಜ ಮಿಲಿಂದನಿಗೆ ತೋರಿಸಿಕೊಟ್ಟ.

ಗಾಡಿ ಬಿಚ್ಚಿ ಕೂಡಿಸುವವನಿಗೆ ಆ ಉತ್ತರವೂ ಸಾಲದು. ಭಾಗಗಳು ತಾವಾಗಿ ಕೂಡಿರುವುದಿಲ್ಲ. ಜತ್ತದ ಮೂಡಣ ಸೀಮೆಯ ಧೂಳು ಅವನ್ನು ಕೂಡಿರಲು ಬಿಡುವುದೂ ಇಲ್ಲ. ನಮ್ಮ ಜೀಪಿನ ಏರ್ ಕ್ಲೀನರ್‌ನಲ್ಲಿ ಎಣ್ಣೆಯ ಬಟ್ಟಲಿದೆ. ಬೇಸಿಗೆಯಲ್ಲಿ ಅದರ ತಳಕ್ಕೆ ಕೆಸರು ಕೂಡುತ್ತದೆ. ತೊಳೆಯದಿದ್ದರೆ ಧೂಳು ಸಿಲಿಂಡರಿಗಿಳಿದು ರಿಂಗು ಸವೆಸುತ್ತದೆ. ಡೀಸೆಲ್ ಪೈಪಿನ ತಾಮ್ರದ ವಾಷರು ಬಿಗಿದೂ ಬಿಗಿದೂ ಗಡಸಾಗಿ ಗಾಳಿ ಎಳೆಯತೊಡಗುತ್ತದೆ, ನಡುದಾರಿಯಲ್ಲಿ ಎಂಜಿನ್ ಬಂದ್. ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಸಿ ಆರಿಸಬೇಕು. ಮೆತ್ತಗಾಗಿ ಮತ್ತೆ ಕೂಡುತ್ತದೆ. ಆಮೇಲೆ ಹ್ಯಾಂಡ್ ಪಂಪ್ ಒತ್ತಿ ಗಾಳಿ ತೆಗೆಯಬೇಕು. ಇದನ್ನು ಕಲಿಸಿದ ಮಿಸ್ತ್ರಿ ಹೇಳುತ್ತಿದ್ದ: “ಗಾಡಿ ಕೈ ಕೊಡಂಗಿಲ್ಲೋ ತಮ್ಮಾ, ಮೊದ್ಲ ನಾವ ಕೈ ಬಿಟ್ಟಿರ್ತೀವಿ.”

ಹಾಗಾದರೆ ಗಾಡಿಯ ಗುರುತು ಯಾವುದು? ನಮ್ಮ ಜತ್ತ ತಾಲೂಕಿನ ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿದವಳು ದಾಸೋಹದಿಂದ ದಾನಮ್ಮಳಾದಳು ಎಂಬುದು, ಅವಳ ಗುಡಿಯಿರುವ ಗುಡ್ಡಾಪುರಕ್ಕೆ ನಡೆದುಬರುವ ಭಕ್ತರ ನಂಬಿಕೆ. ಅವಳು ಯಾರೆಂಬುದನ್ನು ಅವಳ ಕೈಯ ಕೆಲಸವೇ ಹೇಳಿತು. ಜೀಪಿಗೂ ನಾನು ಹಿಡಿಯುವ ಅಳತೆ ಅದೇ. ರಾತ್ರಿ ಹೆರಿಗೆ ನೋವು ಬಂದವರನ್ನು ಜತ್ತಕ್ಕೆ ಮುಟ್ಟಿಸಿದೆ. ಅಮಾಸಿಗೆ ನಡೆಯಲಾಗದ ಮುದುಕರನ್ನು ದಾನಮ್ಮನ ಗುಡಿಗೆ ಒಯ್ದಿದೆ. ಆ ಕಾಯಕ ಕಡಿಯದೆ ನಡೆದಿರುವತನಕ ಇದು ಅಪ್ಪನ ಜೀಪೇ. ಪೂಜೆ ಸಲ್ಲುವುದೂ ಆ ಕಾಯಕಕ್ಕೇ.

ಅದಕ್ಕೇ, ಗಾಲಿಗೆ ಲಿಂಬೆಹಣ್ಣಿಟ್ಟು ಬ್ರೇಕ್ ಆಯಿಲ್ ನೋಡದೆ ಜನರನ್ನು ಹತ್ತಿಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಭಕ್ತಿಯಲ್ಲ, ನಮ್ಮ ಪಾಲಿನ ಕೆಲಸವನ್ನು ದೇವರ ತಲೆಗೆ ಕಟ್ಟುವುದು. ಹಿಂದಿನ ಸೀಟಿನಲ್ಲಿ ಕೂತವರು ನಂಬಿ ಕೂತಿರುವುದು ನಮ್ಮನ್ನು.

ಈಗ ಸ್ಟೇರಿಂಗ್ ಬಾಕ್ಸ್ ಸವೆದಿದೆ. ವಿಜಯಪುರದ ಗುಜರಿಯಲ್ಲಿ ಒಡೆದ ಜೀಪಿನದೊಂದು ಸಿಕ್ಕಿತು. ಅದು ಯಾವ ಊರಿನ ಗಾಡಿಯೋ, ಯಾರ್‍ಯಾರನ್ನು ಎಲ್ಲಿಗೆ ಮುಟ್ಟಿಸಿತ್ತೋ. ಅದರ ದುಡಿಮೆಯೂ ಇನ್ನು ನಮ್ಮ ಗಾಡಿಯಲ್ಲಿ ಮುಂದುವರಿಯುತ್ತದೆ ಎಂದೇ ನಾನು ತಿಳಿದಿದ್ದೇನೆ, ನಾಗಸೇನ ಒಪ್ಪಲಿಕ್ಕಿಲ್ಲ. ನಾಳೆ ಅದನ್ನು ಕೂಡಿಸಬೇಕು, ಆಮೇಲೆ ಪಾಸಿಂಗ್‌ಗೆ ಸಾಂಗ್ಲಿ.