ಬಲ್ಲವನೇ ಬಲ್ಲ ಬೆಲ್ಲದ ಸವಿಯ

ಈ ಗಾದೆಯನ್ನು ನಾವು ಹೆಚ್ಚಾಗಿ ರಸಿಕರನ್ನು ಹೊಗಳಲು ಬಳಸುತ್ತೇವೆ. ನನಗೆ ಅದರಲ್ಲಿ ವ್ಯಾಪಾರದ ವಿವೇಕವೂ ಕಾಣುತ್ತದೆ. ಬೆಲ್ಲದ ಸವಿ ತಿಂದವರ ನಾಲಗೆಗೆ ಗೊತ್ತು, ಅಂಗಡಿಯ ಬೋರ್ಡು ಓದಿದವರಿಗಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಎಐ ಸಲಹಾ ಸಂಸ್ಥೆ ತೆರೆಯಲು ಹೊರಟವರು ಇದನ್ನು ಮೊದಲೇ ಯೋಚಿಸಬೇಕು. ಆಸ್ಪತ್ರೆ, ಶಾಲೆ, ಹೋಟೆಲು, ಬ್ಯಾಂಕು, ಯಾರು ಕರೆದರೂ ಸೈ ಎಂದು ಓಡುವವರಿಗೆ ಯಾವ ಕಸುಬಿನ ರುಚಿಯೂ ಹತ್ತುವುದಿಲ್ಲ.

ನಮ್ಮ ಕಡೆಯ ಗೇರುಬೀಜದ ಕಾರ್ಖಾನೆಗಳನ್ನೇ ನೋಡಿ. ಹೊಸಬರ ಕಣ್ಣು ನೇರ ಗ್ರೇಡಿಂಗ್ ಮೇಜಿಗೆ ಹೋಗುತ್ತದೆ. ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳು ಬಂದರೆ ಡಬ್ಲ್ಯೂ-320, ಅದಕ್ಕಿಂತ ದಪ್ಪಗಿದ್ದರೆ 240, 180. ಕ್ಯಾಮೆರಾ ಇಟ್ಟು ಬೇರ್ಪಡಿಸೋಣ ಎನ್ನುತ್ತಾರೆ. ಆ ಕೆಲಸಕ್ಕೆ ಯಂತ್ರಗಳು ಬಂದು ಎಷ್ಟೋ ಕಾಲವಾಯಿತು. ಮಾಲೀಕರ ನಿದ್ದೆಗೆಡಿಸುವುದು ಖರೀದಿ. ಕಚ್ಚಾ ಬೀಜದ ದೊಡ್ಡ ಪಾಲು ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಅಲ್ಲಲ್ಲಿ ಚೀಲ ಬಿಚ್ಚಿ ಮಾದರಿ ತೆಗೆದು, ಒಂದು ಕಿಲೋ ಬೀಜವನ್ನು ಒಂದೊಂದಾಗಿ ಕತ್ತರಿಸಿ, ಒಳ್ಳೆಯದು, ಮುರುಟಿದ್ದು, ಕಲೆ ಬಿದ್ದದ್ದು, ಹುಳ ಹಿಡಿದದ್ದು ಎಂದು ರಾಶಿ ಮಾಡಿ ತೂಗುತ್ತಾರೆ. ಅದರಲ್ಲಿ 270 ಗ್ರಾಂ ಬಳಕೆಗೆ ಬರುವ ತಿರುಳಿದ್ದರೆ 80 ಕಿಲೋ ಚೀಲಕ್ಕೆ ಸುಮಾರು 47.6 ಪೌಂಡ್ ಔಟ್‌ಟರ್ನ್. ಬೆಲೆ ನಿಲ್ಲುವುದು ಈ ಅಂಕಿಯ ಮೇಲೆ. ಯಾವ ದೇಶದ ಬೀಜ, ತೇವ ಎಷ್ಟಿತ್ತು, ಮಾದರಿ ಏನು ಹೇಳಿತ್ತು, ಕೊನೆಗೆ ಕೈಗೆ ಸಿಕ್ಕ ತಿರುಳೆಷ್ಟು ಎಂಬ ಲೆಕ್ಕವನ್ನೆಲ್ಲ ಜೋಡಿಸಿ, ಮುಂದಿನ ಲೋಡಿಗೆ ಎಷ್ಟು ಕೊಡಬಹುದು ಎಂದು ಹೇಳಬಲ್ಲ ಸಲಹೆಗಾರರಿಗೆ ಬಾಗಿಲು ತಾನಾಗಿ ತೆರೆಯುತ್ತದೆ.

ಇಷ್ಟು ಸಣ್ಣ ಕ್ಷೇತ್ರ ನೆಚ್ಚಿ ಬದುಕಲಾದೀತೇ? 1996ರಲ್ಲಿ ರೋಹಿತ್ ಭಟ್ ಅವರು ಪಕ್ಕದ ಉಡುಪಿಯಲ್ಲಿ ರೋಬೋಸಾಫ್ಟ್ ಶುರುಮಾಡಿದಾಗ ಜಗತ್ತು ವಿಂಡೋಸ್ ಹಿಂದೆ ಓಡುತ್ತಿತ್ತು, ಆಪಲ್ ನಷ್ಟದಲ್ಲಿತ್ತು. ಅವರು ಹಿಡಿದದ್ದು ಮ್ಯಾಕಿಂಟಾಷ್ ಸಾಫ್ಟ್‌ವೇರ್. 2007ರಲ್ಲಿ ಐಫೋನ್ ಬಂದ ಮೇಲೆ ಅದೇ ಪರಿಣತಿ ಆ್ಯಪ್‌ಗಳ ಕೆಲಸಕ್ಕೆ ದಾರಿಯಾಯಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ರೋಬೋಸಾಫ್ಟನ್ನು ಕೊಳ್ಳಲು ಮುಂದಾಯಿತು. ಆಪಲ್ ಚೇತರಿಸಿಕೊಂಡದ್ದು ಅದೃಷ್ಟ ಎನ್ನಿ, ಆದರೆ ಆ ಹೊತ್ತಿಗೆ ಕೆಲಸ ಬಲ್ಲವರು ಇಲ್ಲಿ ತಯಾರಿದ್ದರು. ಗೇರುಬೀಜದ ಕ್ಷೇತ್ರವೂ ಇಲ್ಲಿಗೇ ಮುಗಿಯದು, ಈ ಕಸುಬಿಗೆ ಕೊಲ್ಲಂ, ಪನ್ರುಟಿ, ಪಲಾಸದಲ್ಲಿ ನೆಂಟರಿದ್ದಾರೆ, ವಿಯೆಟ್ನಾಮಿನಲ್ಲೂ ಇದ್ದಾರೆ.

ಗಾದೆಯಲ್ಲಿ ಇನ್ನೊಂದು ಮಾತೂ ಅಡಗಿದೆ: ಸವಿ ಬಲ್ಲವರಿಗೂ ಅದನ್ನು ಬಿಡಿಸಿ ಹೇಳಲಾಗದು. ಪಳಗಿದ ಖರೀದಿದಾರರು ಹಿಡಿ ಬೀಜ ಎತ್ತಿಕೊಂಡೊಡನೆ ಅಂದಾಜು ಹೇಳುತ್ತಾರೆ. ಹೇಗೆ ಎಂದರೆ, ‘ಕಂಡ್ರೆ ಗೊತ್ತಾತ್ತ್ ಮಾರಾಯ್ರೆ’. ಹಾಗಾಗಿ ಪ್ರಶ್ನಾವಳಿ ಕಳಿಸಿ ಪ್ರಯೋಜನವಿಲ್ಲ, ಬೀಜ ಕತ್ತರಿಸುವವರ ಪಕ್ಕ ಒಂದು ಹಂಗಾಮು ಕೂರಲೇಬೇಕು.

ನಾನು ಖರೀದಿಯನ್ನೇ ಒತ್ತಿ ಹೇಳುವುದಕ್ಕೆ ಬೇರೊಂದು ಕಾರಣವಿದೆ. ಈ ಕಾರ್ಖಾನೆಗಳಲ್ಲಿ ಸಿಪ್ಪೆ ಸುಲಿದು ಬೀಜ ಆಯುವವರು ಹೆಚ್ಚಿನಂಶ ಹೆಂಗಸರು, ಅವರ ಕೂಲಿಯಲ್ಲಿ ಮನೆಗಳು ನಡೆಯುತ್ತಿವೆ. ಕೆಟ್ಟ ಲೋಡು ಕೊಳ್ಳದಂತೆ ತಡೆಯುವ ಸಲಹೆ ಮಾಲೀಕರ ದುಡ್ಡು ಉಳಿಸುತ್ತದೆ, ಆ ಹೆಂಗಸರ ಕೆಲಸಕ್ಕೆ ಕೈ ಹಾಕುವುದಿಲ್ಲ.