ಹೊರಗಿನ ಹೊಳಪು, ಒಳಗಿನ ಹೂರಣ

ಮದುವೆ ಮನೆಯಿಂದ ಹೊರಡುವ ಅತಿಥಿಯ ಕೈಗೆ ಹಿಂದೆ ತೆಂಗಿನಕಾಯಿಯೋ ಲಾಡಿನ ಪೊಟ್ಟಣವೋ ಬರುತ್ತಿತ್ತು. ಈಗ ಅನೇಕ ಕಡೆ ಆ ಜಾಗಕ್ಕೆ ಚಾಕಲೇಟಿನ ಪುಟ್ಟ ಪೆಟ್ಟಿಗೆ ಬಂದಿದೆ. ಗುಲಾಬಿ, ಹೃದಯ, ಚಂದ್ರತಾರೆ, ಹಣತೆ, ಗಂಟೆ - ಹೀಗೆ ನಿಕಾಹ್, ಈದ್, ದೀಪಾವಳಿ, ಕ್ರಿಸ್‌ಮಸ್‌ಗಳಿಗೆ ಒಪ್ಪುವ ಆಕಾರಗಳು. ಮೇಲೆ ಬಣ್ಣದ ಗೆರೆಗಳು, ಚಿನ್ನದ ಮಿನುಗು. ಇವುಗಳಲ್ಲಿ ಬಹಳಷ್ಟು ಕಾರ್ಖಾನೆಯಿಂದ ಬಂದವಲ್ಲ. ಯಾವುದೋ ಮನೆಯ ಅಡುಗೆಕೋಣೆಯಲ್ಲಿ, ಮಕ್ಕಳು ಶಾಲೆಗೆ ಹೋದ ಬಳಿಕ, ಒಬ್ಬ ಗೃಹಿಣಿ ಅಚ್ಚಿನಲ್ಲಿ ಎರೆದು ತೆಗೆದವು. ಇಂಥ ಸಿಹಿಯಾದ ಕೆಲಸದಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಬಹುದು. ಆದರೆ ಹೊರಗಿನ ಅಂದಕ್ಕೂ ಒಳಗಿನ ಸತ್ಯಕ್ಕೂ ಇರಬೇಕಾದ ಸಂಬಂಧವೇನು ಎಂಬ ಹಳೆಯ ಪ್ರಶ್ನೆ ಇಷ್ಟು ಸ್ಪಷ್ಟವಾಗಿ ಕಾಣಸಿಗುವ ಜಾಗಗಳು ಕಡಿಮೆ.

ಮೊದಲು ಕೆಲಸವನ್ನೇ ನೋಡೋಣ. ಅಚ್ಚನ್ನು ಹತ್ತಿಯಿಂದ ಒರೆಸಿ ಕನ್ನಡಿಯಂತೆ ಮಾಡಬೇಕು. ಅದರ ಮೇಲೆ ಬೆರಳ ಗುರುತು ಉಳಿದರೆ ಅದು ಚಾಕಲೇಟಿನ ಮೈಮೇಲೂ ಮೂಡುತ್ತದೆ. ಬಣ್ಣ ಬೆರೆಸಿದ ಕೊಕ್ಕೋ ಬೆಣ್ಣೆಯನ್ನು ಕುಂಚದಿಂದ ಅಚ್ಚಿನೊಳಗೆ ಬಳಿಯುವಾಗ ಲೆಕ್ಕ ತಿರುಗುಮುರುಗು. ಮೊದಲು ಎಳೆದ ಗೆರೆಯೇ ಕೊನೆಗೆ ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಹಿನ್ನೆಲೆಯ ಬಣ್ಣ ಆಮೇಲೆ ಬರಬೇಕು. ಅನಂತರ ಕರಗಿದ ಚಾಕಲೇಟನ್ನು ತುಂಬಿ, ತಟ್ಟಿ, ಅಚ್ಚನ್ನು ಕವುಚಿದರೆ ಒಂದು ತೆಳುವಾದ ಚಿಪ್ಪು ಮಾತ್ರ ಉಳಿಯುತ್ತದೆ. ಅದರಲ್ಲಿ ಖರ್ಜೂರವನ್ನೋ ಬಾದಾಮಿಯನ್ನೋ ತುಂಬಿ ಮತ್ತೊಂದು ಪದರದಿಂದ ಮುಚ್ಚುತ್ತಾರೆ. ಇಡೀ ಕೆಲಸದಲ್ಲಿ ಒಂದು ತೊಟ್ಟು ನೀರು ಬಿದ್ದರೂ ಕರಗಿದ ಚಾಕಲೇಟು ಗಂಟುಕಟ್ಟಿ ಕೂರುತ್ತದೆ.

ಆದರೆ ನಿಜವಾದ ಪರೀಕ್ಷೆ ಶಾಖದ್ದು. ಕೊಕ್ಕೋ ಬೆಣ್ಣೆ ಹೆಪ್ಪುಗಟ್ಟುವಾಗ ಆರು ಬಗೆಯ ಹರಳುಗಳಾಗಬಲ್ಲುದು. ಅವುಗಳಲ್ಲಿ ಐದನೆಯ ಬಗೆಯೊಂದೇ ನಮಗೆ ಬೇಕಾದದ್ದು. ಅದಕ್ಕಾಗಿ ಕಪ್ಪು ಚಾಕಲೇಟನ್ನು ಸುಮಾರು 45-50 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಿ, ಕಲಕುತ್ತಾ 27-28 ಡಿಗ್ರಿಗೆ ಇಳಿಸಿ, ಮತ್ತೆ 31-32 ಡಿಗ್ರಿಗೆ ಏರಿಸಬೇಕು. ಇದೇ ಟೆಂಪರಿಂಗ್. ಇದು ಸರಿಯಾದರೆ ಚಾಕಲೇಟು ತುಸು ಕುಗ್ಗಿ ತಾನಾಗಿಯೇ ಅಚ್ಚು ಬಿಡುತ್ತದೆ, ಮುರಿದರೆ ಟಕ್ಕೆಂದು ಸದ್ದಾಗುತ್ತದೆ, ಮೈ ಹೊಳೆಯುತ್ತದೆ, ಸುಮಾರು 34 ಡಿಗ್ರಿಯಲ್ಲಿ, ಅಂದರೆ ಬಾಯೊಳಗಿನ ಬಿಸಿಗೆ, ಕರಗುತ್ತದೆ. ತಪ್ಪಿದರೆ ಅಚ್ಚಿಗೆ ಅಂಟಿಕೊಳ್ಳುತ್ತದೆ, ಮಂಕಾಗುತ್ತದೆ, ಕೆಲವೇ ದಿನಗಳಲ್ಲಿ ಬಿಳಿಯ ಮಚ್ಚೆ ಏಳುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಈ ಹೊಳಪು ಮೇಲಿಂದ ಬಳಿದದ್ದಲ್ಲ. ಅಚ್ಚಿನ ನುಣುಪು ಅದಕ್ಕೆ ಬೇಕು, ನಿಜ. ಆದರೆ ಆ ನುಣುಪನ್ನು ಹಿಡಿದಿಟ್ಟುಕೊಳ್ಳುವುದು ಒಳಗೆ ಶಿಸ್ತಾಗಿ ಕೂತ ಹರಳುಗಳು. ಹೊರಗಿನ ಅಂದ ಒಳಗಿನ ಸ್ಥಿತಿಗೆ ಸಾಕ್ಷಿ ಹೇಳುತ್ತಿದೆ. ಅಂದವೆಂದರೆ ಮೋಸ, ಸರಳತೆಯೆಂದರೆ ಸತ್ಯ ಎಂದು ಸುಲಭವಾಗಿ ತೀರ್ಪು ಕೊಡುವವರು ಇದನ್ನು ಯೋಚಿಸಬೇಕು. ಪ್ರಾಮಾಣಿಕವಾದ ಅಂದವೂ ಇದೆ.

ಹಾಗಾದರೆ ಸಮಸ್ಯೆಯೆಲ್ಲಿದೆ? ಆ ಸಾಕ್ಷಿಯನ್ನು ಸುಲಭದಲ್ಲಿ ಪಡೆಯುವ ದಾರಿಯೂ ಇದೆ. ಅಂಗಡಿಯಲ್ಲಿ ‘ಕಾಂಪೌಂಡ್’ ಎಂಬ ಗಟ್ಟಿ ಸಿಗುತ್ತದೆ. ಅದರಲ್ಲಿ ಕೊಕ್ಕೋ ಪುಡಿ ಇರುತ್ತದೆ, ಆದರೆ ಕೊಕ್ಕೋ ಬೆಣ್ಣೆಯ ಬದಲು ತಾಳೆಬೀಜದ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಇರುತ್ತದೆ. ಅದಕ್ಕೆ ಟೆಂಪರಿಂಗ್ ಬೇಡ, ಬೆಲೆಯೂ ಕಡಿಮೆ. ನಮ್ಮ ಬೇಸಗೆಯನ್ನು ನಿಜವಾದ ಚಾಕಲೇಟಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಮನೆಯಲ್ಲಿ ಕೆಲಸ ಕಲಿಯುವವರು ಸಾಮಾನ್ಯವಾಗಿ ಇದರಿಂದಲೇ ಆರಂಭಿಸುತ್ತಾರೆ. ಅದನ್ನು ಬಳಸುವುದು ತಪ್ಪಲ್ಲ. ಅದನ್ನೇ ನಿಜವಾದ ಚಾಕಲೇಟೆಂದು ನಂಬಿಸಿ, ಆ ಬೆಲೆಗೆ ಮಾರಿದಾಗ ತಪ್ಪು ಹುಟ್ಟುತ್ತದೆ.

ಪ್ರವಾದಿ ಮುಹಮ್ಮದ್(ಸ) ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಗುಲಿತು. ಮಳೆ ಬಂದಿತ್ತು ಎಂದ ವ್ಯಾಪಾರಿ. ಹಾಗಾದರೆ ಒದ್ದೆ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲ ಎಂದು ಅವರು ಪ್ರಶ್ನಿಸಿದ್ದು ಪ್ರಸಿದ್ಧ ಘಟನೆ. ಇದರಲ್ಲಿ ಎರಡು ಅಂಶಗಳಿವೆ. ಮಳೆ ಬಂದದ್ದಕ್ಕೆ ವ್ಯಾಪಾರಿ ಹೊಣೆಯಲ್ಲ. ಒದ್ದೆ ಧಾನ್ಯವನ್ನು ಮಾರಬಾರದೆಂದೂ ಇಲ್ಲಿ ಹೇಳಿಲ್ಲ. ಆಕ್ಷೇಪ ಇದ್ದದ್ದು ಕಾಣುವ ಪದರಕ್ಕೂ ಕಾಣದ ಪದರಕ್ಕೂ ಇದ್ದ ಅಂತರದ ಬಗ್ಗೆ. ಯಾವ ಧರ್ಮದವನೇ ಆಗಲಿ, ಧರ್ಮವೇ ಇಲ್ಲದವನೇ ಆಗಲಿ, ಕೊಳ್ಳುವವನಾದಾಗ ಈ ಆಕ್ಷೇಪವನ್ನು ಒಪ್ಪುತ್ತಾನೆ. ಮಾರುವವನಾದಾಗ ಮಾತ್ರ ಮರೆಯುತ್ತಾನೆ.

“ಎಲ್ಲರೂ ಹಾಗೇ ಕರೆಯುತ್ತಾರೆ, ಯಾರೂ ಕೇಳುವುದಿಲ್ಲ” ಎಂಬ ಸಮರ್ಥನೆ ಇದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೆಸರು ಏನನ್ನು ಸೂಚಿಸಬೇಕು ಎಂಬ ವಿಷಯದಲ್ಲಿ ಯುರೋಪಿನ ದೇಶಗಳೇ ಬಹುಕಾಲ ಜಗಳವಾಡಿವೆ. ಕೊಕ್ಕೋ ಬೆಣ್ಣೆಯಲ್ಲದೆ ಬೇರೆ ಕೊಬ್ಬೂ ಸ್ವಲ್ಪ ಸೇರಿದ ಚಾಕಲೇಟನ್ನು ‘ಬದಲಿ ಚಾಕಲೇಟು’ ಎಂದೇ ಮಾರಬೇಕೆಂದು ಇಟಲಿ ಮತ್ತು ಸ್ಪೇನ್ ಪಟ್ಟು ಹಿಡಿದಿದ್ದವು. 2003ರಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2000ದ ಯುರೋಪಿಯನ್ ನಿಯಮ ಶೇ. 5ರಷ್ಟು ಬೇರೆ ಸಸ್ಯಜನ್ಯ ಕೊಬ್ಬಿಗೆ ಅವಕಾಶ ಕೊಟ್ಟಿತು, ಆದರೆ ಅದನ್ನು ಹೊದಿಕೆಯ ಮೇಲೆ ತಿಳಿಸಬೇಕೆಂದಿತು. 2025ರಲ್ಲಿ ಬ್ರಿಟನ್ನಿನ ಹಳೆಯ ಬಿಸ್ಕತ್ತುಗಳಾದ ಪೆಂಗ್ವಿನ್ ಮತ್ತು ಕ್ಲಬ್, ಕೊಕ್ಕೋ ಪ್ರಮಾಣ ಇಳಿಸಿದ ಕಾರಣ ‘ಚಾಕಲೇಟ್ ಸ್ವಾದದ್ದು’ ಎಂದು ಬರೆದುಕೊಳ್ಳಬೇಕಾಯಿತು. ವಸ್ತುವಿನ ಬೆರಕೆಯಲ್ಲಿ ರಾಜಿ ಸಾಧ್ಯ, ತಿಳಿಸುವುದರಲ್ಲಿ ರಾಜಿ ಇಲ್ಲ ಎಂಬ ನೀತಿ ಈ ಇತಿಹಾಸದಿಂದ ಹೊರಡುತ್ತದೆ. ಕೊಳ್ಳುವವನು ಕೇಳಲಿಲ್ಲ ಎಂಬುದು, ಅವನಿಗೆ ತಿಳಿದಿದೆ ಎಂಬುದಕ್ಕೆ ಸಮವಲ್ಲ. ಆತ ಕೇಳಲಿಲ್ಲ, ಏಕೆಂದರೆ ನಂಬಿದ್ದಾನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ನೋಡದಿದ್ದರೆ ಅನ್ಯಾಯವಾದೀತು. ತಿಂಗಳಿಗೆ ಕೆಲವು ಸಾವಿರ ದುಡಿಯಲು ಹೆಣಗುವ ಹೆಣ್ಣುಮಗಳಿಗೆ ನೀತಿ ಬೋಧಿಸಿ, ದೊಡ್ಡ ಉದ್ಯಮವನ್ನು ಸುಮ್ಮನೆ ಬಿಡುವುದು ನಮ್ಮ ಸಮಾಜದ ಹಳೆಯ ಚಾಳಿ. ಜಗತ್ತಿನ ಕೊಕ್ಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ಬಾಲ ಕಾರ್ಮಿಕ ಪದ್ಧತಿಯ ಕ್ರೂರ ರೂಪಗಳನ್ನು ತೊಡೆದುಹಾಕುವುದಾಗಿ ಉದ್ಯಮದವರು 2001ರಲ್ಲಿ ಹಾರ್ಕಿನ್-ಎಂಗೆಲ್ ಒಪ್ಪಂದಕ್ಕೆ ಸಹಿ ಹಾಕಿದರು. ಗಡುವು 2005 ಆಗಿತ್ತು. ಆದರೆ ಶಿಕಾಗೋ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2018-19ರಲ್ಲೂ ಈ ಎರಡು ದೇಶಗಳ ಕೊಕ್ಕೋ ದುಡಿಮೆಯಲ್ಲಿ ಸುಮಾರು 15.6 ಲಕ್ಷ ಬಾಲ ಕಾರ್ಮಿಕರಿದ್ದರು. ಒಂದು ಮಗುವಿನ ಹುಟ್ಟುಹಬ್ಬಕ್ಕೆ ಅಚ್ಚಿನಲ್ಲಿ ಎರೆದ ಕರಡಿಮರಿಯ ಹಿಂದೆ ಕತ್ತಿ ಹಿಡಿದು ಕೊಕ್ಕೋ ಕಾಯಿ ಒಡೆಯುವ ಇನ್ನೊಂದು ಮಗು ಇರಬಹುದು. ಹೊಳಪು ಈ ಪದರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಯಾವ ಹರಳೂ ಅದಕ್ಕೆ ಸಾಕ್ಷಿ ನುಡಿಯದು.

ಇದರ ಹೊಣೆ ಯಾರ ಮೇಲಿದೆ? ಹೊಣೆಯನ್ನು ಅಳೆಯಬೇಕಾದದ್ದು ಕೈಯಲ್ಲಿರುವ ಶಕ್ತಿಯಿಂದ. ಸಾವಿರಾರು ಟನ್ ಕೊಳ್ಳುವ ಕಂಪೆನಿಗೆ ಬೀಜದ ಮೂಲವನ್ನು ಹುಡುಕುವ ಸಾಮರ್ಥ್ಯವಿದೆ, ರೈತನಿಗೆ ಬದುಕಲು ಸಾಕಾಗುವ ಬೆಲೆ ಕೊಡುವ ಸಾಮರ್ಥ್ಯವೂ ಇದೆ. ಎರಡು ಕಿಲೋ ಕೊಳ್ಳುವ ಗೃಹಿಣಿಗೆ ಅದಿಲ್ಲ. ಆದರೆ ಅವಳ ಪಾಲಿಗೂ ಏನೋ ಒಂದಿದೆ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲೇ ಕೊಕ್ಕೋ ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಮೂಲ ತಿಳಿದಿರುವ ಕೊಕ್ಕೋ ನಮ್ಮ ಜಿಲ್ಲೆಯಲ್ಲೇ ಇರುವಾಗ “ಇದು ಎಲ್ಲಿಂದ ಬಂತು?” ಎಂದು ಅಂಗಡಿಯಲ್ಲಿ ಕೇಳುವಷ್ಟು ಅವಕಾಶ ಅವಳಿಗೂ ಇದೆ, ಕೊಳ್ಳುವ ನಮಗೂ ಇದೆ.

ನಮ್ಮ ಪಾಲು ಇನ್ನೂ ದೊಡ್ಡದು. 2024ರ ಡಿಸೆಂಬರಿನಲ್ಲಿ ಕೊಕ್ಕೋ ಬೆಲೆ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 12 ಸಾವಿರ ಡಾಲರ್ ದಾಟಿತ್ತು. ಅಂಥ ದಿನಗಳಲ್ಲೂ ನಾವು “ಹೋದ ವರ್ಷದ ರೇಟಿಗೇ ಕೊಡಿ, ಡಿಸೈನ್ ಮಾತ್ರ ಚೆನ್ನಾಗಿರಲಿ” ಎಂದು ಚೌಕಾಸಿ ಮಾಡುತ್ತೇವೆ. ಹೊಳಪಿಗೆ ಮಾತ್ರ ಬೆಲೆ ಕಟ್ಟುವ ಗಿರಾಕಿ ಹೊಳಪನ್ನು ಮಾತ್ರವೇ ಪಡೆಯುತ್ತಾನೆ. ಗಂಟೆಗಟ್ಟಲೆ ಬಗ್ಗಿ ಗೆರೆ ಎಳೆದ ಬೆನ್ನುನೋವಿಗೆ ಲೆಕ್ಕವಿಡದೆ, ‘ಮನೆಯಲ್ಲೇ ಮಾಡಿದ್ದಲ್ಲವೇ’ ಎಂದು ದರ ಇಳಿಸುವ ಕೈಯೇ ಅವಳನ್ನು ಅಗ್ಗದ ಗಟ್ಟಿಯತ್ತ ತಳ್ಳುತ್ತದೆ. ಆಮೇಲೆ ಮೋಸದ ಮಾತೆತ್ತುವ ಹಕ್ಕು ನಮಗೆ ಎಷ್ಟರಮಟ್ಟಿಗೆ ಉಳಿದೀತು?

ಬಾಯಲ್ಲಿ ಅರೆಗಳಿಗೆ ಉಳಿಯುವ ತುಂಡಿಗೆ ಇಷ್ಟೊಂದು ಅಲಂಕಾರ ಬೇಕೇ ಎಂದು ಕೇಳುವವರೂ ಇದ್ದಾರೆ. ಮೆಹಂದಿ ಅಳಿಸಿಹೋಗುತ್ತದೆ, ರಂಗೋಲಿಯನ್ನು ತುಳಿಯುತ್ತಾರೆ. ಅಲ್ಪಾಯುಷಿ ಎಂಬ ಕಾರಣಕ್ಕೆ ಅಂದ ವ್ಯರ್ಥವಾಗುವುದಿಲ್ಲ. ಎದುರಿಗಿರುವವರನ್ನು ಗೌರವಿಸಲು ಅದನ್ನು ಮಾಡಿದ್ದರೆ ಅದು ಉಡುಗೊರೆ, ನೆರೆಮನೆಯವರನ್ನು ಮೀರಿಸಲು ಮಾಡಿದ್ದರೆ ದುಂದು. ಪೆಟ್ಟಿಗೆಯೊಳಗೆ ಒಂದು ಚಿಕ್ಕ ಚೀಟಿ ಇಟ್ಟು, ಇದರಲ್ಲಿ ಏನೇನಿದೆ ಎಂದು ಎರಡು ಸಾಲು ಬರೆಯಲು ಹೆಚ್ಚು ಖರ್ಚಿಲ್ಲ. ಆ ಚೀಟಿಯನ್ನು ಓದಿ, ನ್ಯಾಯವಾದ ಬೆಲೆ ಕೊಡುವ ಗಿರಾಕಿ ಸಿಕ್ಕರೆ ಅದನ್ನು ಬರೆಯುವ ಧೈರ್ಯವೂ ಅವಳಿಗೆ ಬರುತ್ತದೆ.